ಹತ್ತಿರದ ನಕಲು, ದೂರದ ಮೂಲ

(ಗಚ್ಚಿಬೌಲಿಯ ಕನ್ನಡ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಕೂಟದಲ್ಲಿ ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳು ಕೇಳಿದಾಗ ನಾವು ಹಿಂಜರಿದೆವು. ನಾವು ಸಾಹಿತಿಗಳಲ್ಲ, ವಿದ್ವಾಂಸರೂ ಅಲ್ಲ. ಬಿ.ಕಾಂ. ಮುಗಿಸಿ, ಬ್ಯಾಂಕಿನ ಗುಮಾಸ್ತರಾಗಿ, ಹೊಟ್ಟೆಪಾಡಿಗಾಗಿ ಈ ಊರಿಗೆ ಬಂದವರು. ನಮ್ಮ ಬರವಣಿಗೆಯೆಲ್ಲ ವೋಚರು, ಲೆಡ್ಜರುಗಳಲ್ಲಿಯೇ ಮುಗಿದುಹೋಗಿದೆ. ಆದರೂ ಒಂದು ಪ್ರಸಂಗ ವರ್ಷದಿಂದ ನಮ್ಮ ಮನಸ್ಸನ್ನು ಕೊರೆಯುತ್ತಿದೆ. ಅದನ್ನು ತಮ್ಮ ಮುಂದಿಟ್ಟರೆ ನಮ್ಮ ಭಾರವೂ ಇಳಿದೀತು, ಕೇಳಿದವರಿಗೆ ಒಂದಿಷ್ಟು ಉಪಯೋಗವೂ ಆದೀತೆಂದು ಒಪ್ಪಿಕೊಂಡೆವು.

ವಿಷಯ ಕಂಪ್ಯೂಟರಿಗೆ ಸಂಬಂಧಪಟ್ಟದ್ದು. ಗಚ್ಚಿಬೌಲಿಯಲ್ಲಿ ನಿಂತು ಕಂಪ್ಯೂಟರಿನ ಮಾತಾಡುವುದೆಂದರೆ ಕಡಲ ತಡಿಯವರಿಗೆ ಉಪ್ಪು ಮಾರಿದ ಹಾಗೆ. ಇಲ್ಲಿ ಕುಳಿತವರಲ್ಲಿ ಅರ್ಧ ಮಂದಿ ಆ ಕಸುಬಿನವರೇ. ಅವರು ನಮ್ಮ ತಪ್ಪುಗಳನ್ನು ಮನ್ನಿಸಬೇಕು. ಉಳಿದ ಅರ್ಧ ಮಂದಿಗೆ, ಅಂದರೆ ನಮ್ಮಂಥವರಿಗೆ, ತಿಳಿಯುವಂತೆ ಹೇಳುವುದು ನಮ್ಮ ಉದ್ದೇಶ.

ಪಿಂಚಣಿ ಪಡೆಯುವ ಹಿರಿಯರಿಗೆ ನವೆಂಬರ್ ಬಂತೆಂದರೆ ಒಂದು ಕೆಲಸ ಉಂಟು. ತಾವು ಬದುಕಿದ್ದೇವೆಂದು ಬ್ಯಾಂಕಿಗೆ ತೋರಿಸಿಕೊಡಬೇಕು. ಇದಕ್ಕೆ ಲೈಫ್ ಸರ್ಟಿಫಿಕೇಟು ಎನ್ನುತ್ತಾರೆ. 2014ರ ನವೆಂಬರಿನಿಂದ ಬೆರಳಚ್ಚು ಕೊಟ್ಟು ಕಂಪ್ಯೂಟರಿನ ಮೂಲಕವೇ ಇದನ್ನು ಸಲ್ಲಿಸುವ ಅನುಕೂಲವೂ ಬಂದಿದೆ. ಆದರೆ ಎಪ್ಪತ್ತು ದಾಟಿದವರ ಬೆರಳಿನ ಗೆರೆಗಳು ಸವೆದಿರುತ್ತವೆ, ಯಂತ್ರ ಒಪ್ಪುವುದಿಲ್ಲ. ಆದುದರಿಂದ ಅನೇಕರು ಕಾಗದ ಹಿಡಿದು ಶಾಖೆಗೇ ಬರುತ್ತಾರೆ.

2024ರ ನವೆಂಬರ್ 4ರಂದು, ಸೋಮವಾರ, ಹೀಗೆಯೇ ಒಬ್ಬ ಅಜ್ಜಿ ಬಂದರು. ಕಲಬುರಗಿ ಕಡೆಯವರು. ಯಜಮಾನರು ರೈಲ್ವೆಯಲ್ಲಿದ್ದು ತೀರಿಕೊಂಡವರು. ಅಜ್ಜಿ ಕುಟುಂಬ ಪಿಂಚಣಿ ಪಡೆಯುತ್ತ ಮಗನ ಮನೆಯಲ್ಲಿದ್ದಾರೆ. ಅವರ ಕಾಗದವನ್ನು ಎರಡನೆಯ ಕೌಂಟರಿನಲ್ಲಿದ್ದ ನಮ್ಮ ಸಹೋದ್ಯೋಗಿಯೊಬ್ಬರು ತೆಗೆದುಕೊಂಡು ಕಂಪ್ಯೂಟರಿಗೆ ಏರಿಸಿದರು. ಅಂದು ನೂಕುನುಗ್ಗಲು; ಸ್ವೀಕೃತಿಯ ಚೀಟಿ ಕೊಡುವುದು ತಪ್ಪಿಹೋಯಿತು. ಅದು ನಮ್ಮ ಶಾಖೆಯ ಮೊದಲ ತಪ್ಪು.

ಎಂಟು ದಿನದ ಮೇಲೆ ಅಜ್ಜಿ ವಿಚಾರಿಸಲು ಬಂದರು. ವಿಚಾರಣೆಯ ಐದನೆಯ ಕೌಂಟರಿನಲ್ಲಿ ಕುಳಿತವರು ನಾವು. ಪರದೆ ನೋಡಿದೆವು. ಅವರ ಹೆಸರಿನ ಮುಂದೆ 'ಎನ್' ಎಂಬ ಅಕ್ಷರವಿತ್ತು. ಎನ್ ಎಂದರೆ ಬಂದಿಲ್ಲ, ವೈ ಎಂದರೆ ಬಂದಿದೆ. "ಅಜ್ಜಿ, ನಿಮ್ಮ ಕಾಗದ ಬಂದಿಲ್ಲ" ಎಂದೆವು. ಅವರು ಎರಡನೆಯ ಕೌಂಟರಿಗೆ ಹೋದರು. ಅಲ್ಲಿ ಸಹೋದ್ಯೋಗಿ ತಮ್ಮ ಪರದೆ ನೋಡಿ, "ಆಗಿದೆಯಲ್ಲಮ್ಮಾ, ಮನೆಗೆ ಹೋಗಿ" ಎಂದರು. ಮತ್ತೊಂದು ವಾರಕ್ಕೆ ಅಜ್ಜಿ ಪುನಃ ಬಂದರು. ನಮ್ಮಲ್ಲಿ ಎನ್, ಅಲ್ಲಿ ವೈ. ಅಜ್ಜಿ ನಮ್ಮ ಕೌಂಟರಿನ ಕಟ್ಟೆ ಹಿಡಿದು ನಿಂತು, "ತಮ್ಮಾ, ನಾ ಜೀವಂತ ಇದೀನಿ ಅಂತ ಎಷ್ಟು ಸಲ ಹೇಳಬೇಕೋ? ಮುಂದ ನಿಂತಿದ್ರೂ ನಿನಗ ಕಾಣಂಗಿಲ್ಲೇನು?" ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಇನ್ನು ನಮ್ಮ ಸ್ವಂತ ತಪ್ಪನ್ನು ಹೇಳಬೇಕು. ಅಜ್ಜಿ ನಮ್ಮ ಭಾಷೆಯವರು. ಸಹೋದ್ಯೋಗಿ ತೆಲುಗಿನವರು. ನಮ್ಮ ಮನಸ್ಸು ಯಾವ ಕಡೆಗೆ ವಾಲಿತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಕೆ ಅಂದು ಏರಿಸಿಯೇ ಇಲ್ಲ, ಈಗ ಮುಚ್ಚಿಕೊಳ್ಳುತ್ತಿದ್ದಾರೆ ಎಂದೇ ನಂಬಿದೆವು. ತಾಂತ್ರಿಕ ವಿಭಾಗದವರು ಬಂದು ನಮ್ಮ ಕಂಪ್ಯೂಟರನ್ನು ಆರಿಸಿ ಮತ್ತೆ ಹೊತ್ತಿಸಿದರು. ಒಡನೆಯೇ ಎನ್ ಹೋಗಿ ವೈ ಬಂತು! ಸಂಶಯ ಇನ್ನೂ ಬಲವಾಯಿತು. ಈ ಗಲಾಟೆಯ ನಡುವೆ ಆಕೆ ಸದ್ದಿಲ್ಲದೆ ತಿದ್ದಿರಬೇಕು ಎಂದು ನಾವು ಮೇಲಿನವರಿಗೆ ಹೇಳಿದೆವು. ವಿವರಣೆ ಕೇಳುವ ಮೆಮೊ ಸಿದ್ಧವಾಯಿತು. ಬ್ಯಾಂಕಿನ ಕೆಲಸದಲ್ಲಿ ದಾಖಲೆ ತಿದ್ದಿದರೆಂಬ ಮಾತು ಎಂಥದೆಂದು ಆ ವೃತ್ತಿಯವರು ಬಲ್ಲರು. ಹದಿನೈದು ವರ್ಷದ ಒಳ್ಳೆಯ ಹೆಸರನ್ನು ಒಂದು ಹಾಳೆ ಅಳಿಸಿಬಿಡಬಲ್ಲದು.

ಮೆಮೊ ಕೈಗೆ ಹೋಗುವ ಮುಂಚಿನ ಭಾನುವಾರ ನಮ್ಮ ಸಂಘದ ಸಭೆಯಿತ್ತು. ಅಲ್ಲಿ ಧಾರವಾಡದ ಕಡೆಯ ಒಬ್ಬ ತರುಣರ ಬಳಿ ಈ ಸಂಗತಿಯನ್ನು ಸುಮ್ಮನೆ ಹೇಳಿದೆವು. ಇಲ್ಲಿನ ಒಂದು ಕಂಪೆನಿಯಲ್ಲಿ ಅವರ ಕೆಲಸ. ಒಂದು ಕಂಪ್ಯೂಟರಿನಲ್ಲಿರುವ ಫೈಲನ್ನು ತಂತಿಯ ಮೂಲಕ ಇನ್ನೊಂದಕ್ಕೆ ತಂದು, ಅದು ಅಲ್ಲಿಯೇ ಇದೆಯೋ ಎಂಬಂತೆ ತೋರಿಸುವ ಒಂದು ಭಾಗವಿದೆ. ಅದಕ್ಕೆ ಡ್ರೈವರು ಎನ್ನುತ್ತಾರೆ. ಬಸ್ಸಿನ ಡ್ರೈವರಲ್ಲ, ಅದೂ ಒಂದು ತಂತ್ರಾಂಶವೇ. ಅದನ್ನು ಸರಿಪಡಿಸುವುದು ಇವರ ಕಸುಬು. ಅವರು ಎಲ್ಲವನ್ನೂ ಕೇಳಿ ಒಂದೇ ಪ್ರಶ್ನೆ ಹಾಕಿದರು: "ಈಗ ವೈ ಎಂದು ಕಾಣುತ್ತಿದೆಯಲ್ಲ, ಆ ಫೈಲಿನ ಮೇಲೆ ಯಾವ ವೇಳೆ ಇದೆ?"

ಸೋಮವಾರ ನೋಡಿದೆವು. ನವೆಂಬರ್ 4, 11 ಗಂಟೆ 40 ನಿಮಿಷ 5 ಸೆಕೆಂಡು. ಯಾರಾದರೂ ಆಮೇಲೆ ತಿದ್ದಿದ್ದರೆ ವೇಳೆ ಬದಲಾಗಲೇಬೇಕಿತ್ತು. ಬದಲಾಗಿರಲಿಲ್ಲ. ಆಕೆ ಅಂದೇ ಏರಿಸಿದ್ದರು. ಸುಳ್ಳು ಹೇಳಿದ್ದು ನಮ್ಮ ಪರದೆ. ಆ ಸುಳ್ಳನ್ನು ನಂಬಿದವರು ನಾವು.

ಪರದೆ ಸುಳ್ಳು ಹೇಳಿದ್ದು ಹೇಗೆ? ಅದಕ್ಕೆ ಸ್ವಲ್ಪ ಹಿಂದಿನಿಂದ ಬರಬೇಕು.

ನಮ್ಮ ಶಾಖೆಯ ಹಿಂದಿನ ಕೋಣೆಯಲ್ಲಿ ಒಂದು ಹಳೆಯ ಸರ್ವರು ಇತ್ತು. ಗ್ರಾಹಕರ ಹಣದ ಲೆಕ್ಕ ಅದರಲ್ಲಿಲ್ಲ, ಅದೆಲ್ಲ ಕೇಂದ್ರದಲ್ಲಿದೆ. ಶಾಖೆಯ ಒಳಗಿನ ಪಟ್ಟಿಗಳಿಗೆ ಮಾತ್ರ ಇದು ಕಪಾಟು ಇದ್ದಂತೆ. ಪ್ರತಿ ಕೌಂಟರಿನವರೂ ಪ್ರತಿ ಸಲವೂ ಎದ್ದು ಹೋಗಿ ಕಪಾಟಿನಿಂದ ಕಡತ ತಂದರೆ ಕೆಲಸ ಸಾಗುವುದಿಲ್ಲ. ಆದುದರಿಂದ ಒಮ್ಮೆ ತಂದ ಕಡತದ ನಕಲನ್ನು ಪ್ರತಿ ಕಂಪ್ಯೂಟರೂ ತನ್ನ ಕೈಯಳತೆಯಲ್ಲಿ ಇಟ್ಟುಕೊಳ್ಳುತ್ತದೆ. ಈ ಇಟ್ಟುಕೊಳ್ಳುವಿಕೆಗೆ ಕ್ಯಾಶ್ ಎಂದು ಹೆಸರು. ಕೇಳುವುದಕ್ಕೆ ನಮ್ಮ ಕ್ಯಾಶಿಯರರ ಕ್ಯಾಶಿನಂತೆಯೇ ಇದ್ದರೂ ಇದು ಬೇರೆ ಪದ. ಬಚ್ಚಿಟ್ಟದ್ದು ಎಂದು ಅರ್ಥ.

ಇದು ಹೊಸ ಸಂಗತಿಯೇನೂ ಅಲ್ಲ. ಪಾಸುಪುಸ್ತಕವೆಂದರೆ ಏನು? ಲೆಡ್ಜರಿನ ನಕಲು. ಗ್ರಾಹಕರು ಮನೆಯಲ್ಲಿ ಅದನ್ನು ನೋಡಿ ಲೆಕ್ಕ ಹಾಕಿಕೊಳ್ಳಬಹುದು, ದಿನವೂ ಬ್ಯಾಂಕಿಗೆ ಬರಬೇಕಾಗಿಲ್ಲ. ಆದರೆ ಕೊನೆಯ ಸಲ ಬರೆಯಿಸಿದ ಮೇಲೆ ಚೆಕ್ಕು ಪಾಸಾಗಿದ್ದರೆ ಪುಸ್ತಕಕ್ಕೆ ಅದು ಗೊತ್ತಿಲ್ಲ. ಪುಸ್ತಕ ಸುಳ್ಳಲ್ಲ, ಹಳತು. ಹಳತಾದದ್ದನ್ನು ಇಂದಿನದೆಂದು ಓದಿದಾಗ ಸುಳ್ಳಾಗುತ್ತದೆ.

ಹಾಗಾದರೆ ನಕಲು ಹಳತಾಯಿತೆಂದು ತಿಳಿಯುವುದು ಹೇಗೆ? ಜಾಲದ ಮೂಲಕ ಫೈಲು ಹಂಚಿಕೊಳ್ಳುವ ವ್ಯವಸ್ಥೆಗಳಲ್ಲಿ ಹೆಚ್ಚು ಬಳಕೆಯಾದವುಗಳಲ್ಲೊಂದು ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಕಂಪೆನಿ 1980ರ ದಶಕದ ನಡುವೆ ಹೊರತಂದ ಎನ್‌ಎಫ್‌ಎಸ್. ಅದರ ನಿಯಮ ಸರಳ. ಫೈಲನ್ನು ಹೊಸದಾಗಿ ತೆರೆಯುವಾಗ ಕಂಪ್ಯೂಟರು ಸರ್ವರನ್ನು ಕೇಳುತ್ತದೆ: "ಇದನ್ನು ಕೊನೆಗೆ ಬದಲಾಯಿಸಿದ ವೇಳೆ ಯಾವುದು? ಇದರ ಅಳತೆ ಎಷ್ಟು?" ತನ್ನ ನಕಲಿನ ವೇಳೆ, ಅಳತೆ ಎರಡೂ ಹೊಂದಿದರೆ ನಕಲನ್ನೇ ತೋರಿಸುತ್ತದೆ. ಹೊಂದದಿದ್ದರೆ ನಕಲನ್ನು ಬಿಸಾಡಿ ಹೊಸದನ್ನು ತರುತ್ತದೆ. ತೆರೆದಿಟ್ಟ ಫೈಲಿನ ವಿಷಯದಲ್ಲಿ, ಒಮ್ಮೆ ಕೇಳಿದ ಉತ್ತರವನ್ನು ಸಾಮಾನ್ಯವಾಗಿ 3 ಸೆಕೆಂಡಿನಿಂದ 60 ಸೆಕೆಂಡಿನವರೆಗೆ ನಂಬಿಕೊಂಡಿರುತ್ತದೆ. ಅಂದರೆ ಎಲ್ಲ ಸರಿಯಾಗಿದ್ದಾಗಲೂ ಒಂದು ನಿಮಿಷದಷ್ಟು ಹಳೆಯ ಸುದ್ದಿ ಕಾಣಬಹುದು. ನಮ್ಮಲ್ಲಿ ಹದಿನೈದು ದಿನ ಹಳೆಯದು ಕಂಡಿತು.

ಕಾರಣ ಹೀಗೆ. ನಮ್ಮ ಪಿಂಚಣಿ ಪಟ್ಟಿಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಚಿಕ್ಕ ಫೈಲು. ಗುಮಾಸ್ತರು ಗುಂಡಿ ಒತ್ತಿದಾಗ ಆ ತಂತ್ರಾಂಶ ಮೊದಲು ಎನ್ ಎಂದು ಬರೆದು ಫೈಲನ್ನು ಹುಟ್ಟಿಸುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಅದನ್ನು ವೈ ಎಂದು ತಿದ್ದುತ್ತದೆ. ಎರಡು ಬರಹಗಳೂ ಅದೇ 5ನೆಯ ಸೆಕೆಂಡಿನೊಳಗೆ ಮುಗಿದವು. ವಿಚಾರಣೆಯ ಕೌಂಟರಿನ ಕಂಪ್ಯೂಟರು ಆಗಾಗ ಕಪಾಟನ್ನು ನೋಡಿ ಹೊಸ ಫೈಲನ್ನು ತಾನೇ ತಂದುಕೊಳ್ಳುತ್ತದೆ. ನಮ್ಮ ದುರದೃಷ್ಟಕ್ಕೆ ಅದು ಆ ಎರಡು ಬರಹಗಳ ನಡುವಿನ ಸಂದಿಯಲ್ಲಿಯೇ ಹೋಗಿ ಎನ್ ಎಂಬುದನ್ನು ತಂದಿತು.

ಮುಂದೆ ಪ್ರತಿ ಸಲವೂ ಅದು ಸರ್ವರನ್ನು ಕೇಳದೆ ಇರಲಿಲ್ಲ. ಕೇಳಿತು. "ಕೊನೆಗೆ ಬದಲಾದ ವೇಳೆ?" "11 ಗಂಟೆ 40 ನಿಮಿಷ 5 ಸೆಕೆಂಡು." "ನನ್ನಲ್ಲೂ ಅದೇ. ಅಳತೆ?" ಎನ್ ಒಂದು ಅಕ್ಷರ, ವೈ ಒಂದು ಅಕ್ಷರ, ಅಳತೆಯೂ ಅದೇ. "ಸರಿ, ನನ್ನ ನಕಲು ಹೊಸದೇ" ಎಂದು ಅದು ತೀರ್ಮಾನಿಸಿತು. ಸರ್ವರಿನ ಮುದ್ರೆಯಲ್ಲಿ ಸೆಕೆಂಡಿಗಿಂತ ಚಿಕ್ಕ ಅಂಕಿ ಇರಲಿಲ್ಲ. ಆ ಡಿಸ್ಕಿನ ವ್ಯವಸ್ಥೆ ಇಎಕ್ಸ್‌ಟಿ-3 ಎಂಬುದು, 2001ರ ಕಾಲದ್ದು. ಅದು ವೇಳೆಯನ್ನು ಇಡೀ ಸೆಕೆಂಡಿನಲ್ಲಿ ಮಾತ್ರ ಬರೆದಿಡುತ್ತದೆ. ಫೈಲು ಮತ್ತೆ ಬದಲಾಗದೆ ಇದ್ದುದರಿಂದ ತಪ್ಪು ತಾನಾಗಿ ಹೋಗಲಿಲ್ಲ. ಟೋಕನ್ ಫಲಕವನ್ನು ನಮ್ಮ ಕಂಪ್ಯೂಟರಿಗೇ ಜೋಡಿಸಿದ್ದುದರಿಂದ ಅದನ್ನು ರಾತ್ರಿ ಆರಿಸುವ ರೂಢಿಯೂ ಇರಲಿಲ್ಲ. ಆರಿಸಿದ ದಿನ ನಕಲು ಅಳಿಯಿತು, ಮೂಲ ಬಂತು, ವೈ ಕಾಣಿಸಿತು. ಯಾರೂ ತಿದ್ದಿರಲಿಲ್ಲ.

ತರುಣರು ಇದನ್ನು ಬಾಯಿಮಾತಿನಲ್ಲಿ ಬಿಡಲಿಲ್ಲ. ತಮ್ಮ ಮನೆಯಲ್ಲಿ ಎರಡು ಚಿಕ್ಕ ಕಂಪ್ಯೂಟರುಗಳನ್ನು ಜೋಡಿಸಿ, ಒಂದರಲ್ಲಿ ಒಂದೇ ಸೆಕೆಂಡಿನೊಳಗೆ ಎರಡು ಸಲ ಬರೆಯಿಸಿ, ನಡುವೆ ಇನ್ನೊಂದರಿಂದ ಓದಿಸಿದರು. ಹಲವು ಸಲ ಸರಿಯಾಗಿಯೇ ಬಂತು. ಆಮೇಲೆ ಒಂದು ಸಲ ಎನ್ ಎಂದು ಕಚ್ಚಿಕೊಂಡು ನಿಂತಿತು. ನಾವು ಕಾಫಿ ಕುಡಿದು ಬಂದರೂ ಎನ್, ಊಟ ಮಾಡಿ ಬಂದರೂ ಎನ್. ತಪ್ಪು ಅಪರೂಪವಾಗಿ ಬರುವುದೇ ಅದರ ಕೆಟ್ಟ ಗುಣ. ದಿನವೂ ಬರುವ ತಪ್ಪಿನಲ್ಲಿ ಯಂತ್ರದ ಮೇಲೆ ಗುಮಾನಿ ಬರುತ್ತದೆ. ವರ್ಷಕ್ಕೊಮ್ಮೆ ಬರುವ ತಪ್ಪಿನಲ್ಲಿ ಮನುಷ್ಯರ ಮೇಲೆ ಗುಮಾನಿ ಬರುತ್ತದೆ.

ಪರಿಹಾರವೇನು? ಅವರು ಮೂರು ದಾರಿ ಹೇಳಿದರು.

ಮೊದಲನೆಯದು ಡ್ರೈವರಿನಲ್ಲಿ. ತಂದ ಫೈಲಿನ ಮೇಲಿನ ವೇಳೆ ಮತ್ತು ಅದನ್ನು ತಂದ ವೇಳೆ, ಸರ್ವರಿನ ಗಡಿಯಾರದ ಪ್ರಕಾರ, ಒಂದೇ ಸೆಕೆಂಡಿನವಾಗಿದ್ದರೆ ಆ ನಕಲನ್ನು ನಂಬಬಾರದು. "ಇದರ ಶಾಯಿ ಇನ್ನೂ ಒಣಗಿಲ್ಲ" ಎಂದು ಗುರುತು ಹಾಕಿಕೊಂಡು, ಸೆಕೆಂಡು ಕಳೆದ ಮೇಲೆ ಇನ್ನೊಮ್ಮೆ ಪೂರ್ತಿ ತರಬೇಕು. ಹೊಸ ಸಹಿಯ ಮೇಲೆ ಬ್ಲಾಟಿಂಗ್ ಕಾಗದ ಒತ್ತದೆ ಪುಟ ಮಗುಚಬಾರದೆಂದು ಹಳೆಯ ಗುಮಾಸ್ತರು ಹೇಳುತ್ತಿದ್ದರಂತೆ, ಅದೇ ನಿಯಮ. 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಗಿಟ್ ಎಂಬ ತಂತ್ರಾಂಶವೂ ಇಂಥದೇ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಅಲ್ಲಿಯೂ ಇದೇ ಉಪಾಯ: ವೇಳೆ ತೀರ ಹತ್ತಿರವಾಗಿದ್ದರೆ ವೇಳೆಯನ್ನು ನಂಬಬೇಡ, ಒಳಗಿನದನ್ನು ಓದಿ ನೋಡು.

ಎರಡನೆಯದು ಸರ್ವರಿನಲ್ಲಿ. ಗಡಿಯಾರದ ಬದಲು ಕ್ರಮಸಂಖ್ಯೆ. ಬ್ಯಾಂಕಿನಲ್ಲಿ ಎರಡು ವೋಚರುಗಳ ಮೇಲೆ ಒಂದೇ ತಾರೀಖು ಇರಬಹುದು, ಒಂದೇ ಮೊತ್ತವೂ ಇರಬಹುದು; ನಂಬರು ಮಾತ್ರ ಒಂದೇ ಇರುವುದಿಲ್ಲ. ಲೆಕ್ಕತಪಾಸಣೆಯವರು ಮೊದಲು ನೋಡುವುದು ಆ ನಂಬರನ್ನೇ. ಎನ್‌ಎಫ್‌ಎಸ್‌ನ ನಾಲ್ಕನೆಯ ಆವೃತ್ತಿಯಲ್ಲಿ ಪ್ರತಿ ಫೈಲಿಗೂ ಇಂಥ ಒಂದು ಸಂಖ್ಯೆ ಇಟ್ಟರು. ಫೈಲು ಬದಲಾದಾಗಲೆಲ್ಲ ಅದೂ ಬದಲಾಗಬೇಕು. 2008ರಲ್ಲಿ ಬಳಕೆಗೆ ಸಿದ್ಧವಾದ ಇಎಕ್ಸ್‌ಟಿ-4 ವ್ಯವಸ್ಥೆ ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗದವರೆಗೂ ವೇಳೆ ಬರೆಯಬಲ್ಲದು. ಆದರೆ ಬರೆಯಲು ಜಾಗವಿದ್ದ ಮಾತ್ರಕ್ಕೆ ಗಡಿಯಾರ ಅಷ್ಟು ಸೂಕ್ಷ್ಮವಾಗಿ ಚಲಿಸಬೇಕಲ್ಲ! ಲಿನಕ್ಸು ಫೈಲಿಗೆ ಒತ್ತುತ್ತಿದ್ದ ಮುದ್ರೆ ಸೆಕೆಂಡಿನ ಸಾವಿರದ ಕೆಲವು ಭಾಗಗಳಿಗೊಮ್ಮೆ ಮಾತ್ರ ಮುಂದೆ ಸರಿಯುತ್ತಿತ್ತು. 2025ರ ಜನವರಿಯಲ್ಲಿ ಬಂದ ಲಿನಕ್ಸ್ 6.13ರಲ್ಲಿ ಇದಕ್ಕೂ ಒಂದು ಜಾಣತನದ ಪರಿಹಾರ ಬಂತು. ಯಾರಾದರೂ ಬಂದು ಫೈಲಿನ ವೇಳೆಯನ್ನು ನೋಡಿಕೊಂಡು ಹೋಗಿದ್ದರೆ ಮಾತ್ರ ಮುಂದಿನ ಬದಲಾವಣೆಗೆ ಸೂಕ್ಷ್ಮ ವೇಳೆ ಒತ್ತುವುದು. ಯಾರೂ ನೋಡದಿದ್ದರೆ ಒರಟು ವೇಳೆಯೇ ಸಾಕು. ಕೇಳುವವರಿದ್ದಾಗ ಖಚಿತವಾಗಿ ಹೇಳಬೇಕು ಎಂಬುದೇ ಇದರ ತಾತ್ಪರ್ಯ.

ಮೂರನೆಯ ದಾರಿ ಕೇಳುವುದನ್ನೇ ತಿರುವುಮುರುವು ಮಾಡುವುದು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ 1980ರ ದಶಕದಲ್ಲಿ ಎಎಫ್‌ಎಸ್ ಎಂಬ ವ್ಯವಸ್ಥೆ ಕಟ್ಟಿದರು. ಮದರಾಸಿನ ಐಐಟಿಯಲ್ಲಿ ಓದಿಹೋದ ಎಂ. ಸತ್ಯನಾರಾಯಣನ್ ಅವರು ಅದರ ಪ್ರಮುಖರಲ್ಲೊಬ್ಬರು. ಮೊದಲು ಅಲ್ಲಿಯೂ ಪ್ರತಿ ಕಂಪ್ಯೂಟರು ತೆರೆದಾಗಲೆಲ್ಲ "ಬದಲಾಯಿತೇ, ಬದಲಾಯಿತೇ" ಎಂದು ಕೇಳುತ್ತಿತ್ತು. ಉತ್ತರ ಹೇಳಿ ಹೇಳಿಯೇ ಸರ್ವರು ಸೋತುಹೋಯಿತು. ಆಮೇಲೆ ಅವರು ಒಪ್ಪಂದ ಬದಲಿಸಿದರು. ನಕಲು ಯಾರ ಬಳಿ ಇದೆಯೆಂದು ಸರ್ವರೇ ಬರೆದಿಟ್ಟುಕೊಳ್ಳಬೇಕು. ಬದಲಾದಾಗ ಅದೇ ಅವರಿಗೆಲ್ಲ ಹೇಳಿಕಳುಹಿಸಬೇಕು. ಹೇಳಿಕಳುಹಿಸುವವರೆಗೆ ನಕಲನ್ನು ನಂಬಿರಬಹುದು. ಈ ಅನುಭವವನ್ನು ಅವರು 1988ರಲ್ಲಿ ಪ್ರಕಟಿಸಿದರು. ತಂತಿಯೇ ಕಡಿದು ಸುದ್ದಿ ಮುಟ್ಟದಿದ್ದರೆ? ಅದಕ್ಕೆ 1989ರಲ್ಲಿ ಸ್ಟ್ಯಾನ್‌ಫರ್ಡಿನ ಕ್ಯಾರಿ ಗ್ರೇ ಮತ್ತು ಡೇವಿಡ್ ಚೆರಿಟನ್ ಗುತ್ತಿಗೆಯ ಉಪಾಯ ಸೂಚಿಸಿದರು: ನಕಲನ್ನು ಇಂತಿಷ್ಟು ಕಾಲ ನಂಬು, ಅವಧಿ ತೀರಿದ ಮೇಲೆ ಮತ್ತೆ ಬಂದು ಕೇಳು.

ನಮ್ಮ ಬೆಂಗಳೂರಿನಲ್ಲಿಯೂ ಇದೇ ಕೆಲಸ ನಡೆದಿದೆಯೆಂದು ಹೇಳಲು ಹೆಮ್ಮೆಯಾಗುತ್ತದೆ. ಗ್ಲಸ್ಟರ್ ಎಂಬ ಜಾಲದ ಫೈಲು ವ್ಯವಸ್ಥೆಯನ್ನು ಕಟ್ಟಿ ಬೆಳೆಸಿದ ತಂಡದ ದೊಡ್ಡ ಪಾಲು ಬೆಂಗಳೂರಿನಲ್ಲಿತ್ತು. ಆ ಕಂಪೆನಿಯನ್ನು 2011ರಲ್ಲಿ ರೆಡ್ ಹ್ಯಾಟ್ ಸಂಸ್ಥೆ ಕೊಂಡುಕೊಂಡಿತು. ಗ್ಲಸ್ಟರಿನಲ್ಲಿ ಫೈಲಿನ ವೇಳೆ, ಅಳತೆ ಮುಂತಾದ ವಿವರಗಳ ನಕಲನ್ನು ಮೊದಲು 1 ಸೆಕೆಂಡು ಮಾತ್ರ ನಂಬುತ್ತಿದ್ದರು. ಅದರಿಂದ ಕೇಳುವ ಕೆಲಸ ಹೆಚ್ಚಿ ವೇಗ ತಗ್ಗುತ್ತಿತ್ತು. ಬದಲಾದೊಡನೆ ಸರ್ವರೇ ಸುದ್ದಿ ಕಳುಹಿಸುವ ಏರ್ಪಾಡು ಬಂದ ಮೇಲೆ, 2016ರ ಹೊತ್ತಿಗೆ, ಅದೇ ನಕಲನ್ನು 600 ಸೆಕೆಂಡು ನಿಶ್ಚಿಂತೆಯಿಂದ ಇಟ್ಟುಕೊಳ್ಳುವುದು ಸಾಧ್ಯವಾಯಿತು. ನೋಡಿ, ಸರಿಯಾದ ಒಪ್ಪಂದವಿದ್ದರೆ ನಂಬಿಕೆಯ ಅವಧಿ ಆರುನೂರು ಪಟ್ಟು ಬೆಳೆಯುತ್ತದೆ!

ನಮ್ಮ ಶಾಖೆಯಲ್ಲಿ ಆದದ್ದು ಇಷ್ಟು. ನಾವು ವಿಷಯವನ್ನು ಬರೆದು ತಾಂತ್ರಿಕ ವಿಭಾಗಕ್ಕೆ ಕಳುಹಿಸಿದೆವು. ಅವರು ಪರೀಕ್ಷಿಸಿ ಒಪ್ಪಿದರು. ತಂತ್ರಾಂಶ ಒಂದೇ ಸಲ ಬರೆಯುವಂತೆ ಮಾಡಿದರು, ಹಳೆಯ ಸರ್ವರನ್ನು ತೆಗೆದು ಹೊಸದನ್ನಿಟ್ಟರು. ಮೆಮೊ ಹರಿದುಹೋಯಿತು. ಅಜ್ಜಿಯ ಪಿಂಚಣಿ ತಪ್ಪಲಿಲ್ಲ.

ಆದರೆ ಯಂತ್ರ ಸರಿಹೋದೊಡನೆ ಎಲ್ಲವೂ ಸರಿಹೋಗಲಿಲ್ಲ. ನಾವು ಸಹೋದ್ಯೋಗಿಯ ಬಳಿಗೆ ಹೋಗಿ, ಮೇಲಿನವರಿಗೆ ಹೇಳಿದವರು ನಾವೇ ಎಂದು ಒಪ್ಪಿಕೊಂಡು ಕ್ಷಮೆ ಕೇಳಿದೆವು. ಆಕೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಿಮ್ಮ ಪರದೆಯನ್ನು ಎರಡು ಸಲ ನೋಡಿದಿರಿ. ನನ್ನನ್ನು ಒಂದು ಸಲ ಕೇಳಲಿಲ್ಲವಲ್ಲ" ಎಂದರು. ಎರಡು ಕೌಂಟರುಗಳ ನಡುವೆ ಇದ್ದದ್ದು ಹತ್ತು ಹೆಜ್ಜೆ. ಅಜ್ಜಿ ಆ ಹತ್ತು ಹೆಜ್ಜೆಯನ್ನು ಎರಡು ದಿನ ನಡೆದರು. ನಾವು ಒಮ್ಮೆಯೂ ನಡೆಯಲಿಲ್ಲ. ಆಕೆಯ ವಿಷಯದಲ್ಲಿ ನಮ್ಮ ಮನಸ್ಸಿನಲ್ಲಿ ಎಂದೋ ಬಂದು ಕುಳಿತಿದ್ದ ಒಂದು ನಕಲಿತ್ತು. ಅದನ್ನೇ ಮೂಲವೆಂದು ನಂಬಿದ್ದೆವು.

ಊರು ಬಿಟ್ಟು ಬಂದ ನಮ್ಮಂಥವರಿಗೆ ಇದರಲ್ಲಿ ಇನ್ನೊಂದು ಮಾತೂ ಇದೆ. ನಮ್ಮ ಮಕ್ಕಳಿಗೆ ಊರಿನ ಮನೆ ವರ್ಣಿಸುವಾಗಲೆಲ್ಲ ಬಾಗಿಲ ಮುಂದಿನ ಬೇವಿನ ಮರದ ಕತೆ ಹೇಳುತ್ತಿದ್ದೆವು. ಈ ಬೇಸಗೆಯಲ್ಲಿ ಕರೆದುಕೊಂಡು ಹೋದಾಗ ಮಗು, "ಅಪ್ಪಾ, ಮರ ಎಲ್ಲಿ?" ಎಂದು ಕೇಳಿತು. ರಸ್ತೆ ಅಗಲ ಮಾಡುವಾಗ ಮರ ಹೋಗಿ ನಾಲ್ಕು ವರ್ಷವಾಗಿತ್ತು. ಯಾರೂ ನಮಗೆ ಹೇಳಿರಲಿಲ್ಲ; ನಾವೂ ಕೇಳಿರಲಿಲ್ಲ. ಊರು, ನಂಟರು, ನುಡಿ ಇವೆಲ್ಲದರ ನಕಲು ನಮ್ಮೊಡನೆ ಇರಬೇಕು. ಅದಿಲ್ಲದೆ ಗಚ್ಚಿಬೌಲಿಯ ಬಂಡೆಗಳ ನಡುವೆ ಬಾಳುವುದು ಕಷ್ಟ. ಆದರೆ ನಾವು ಊರು ಬಿಟ್ಟ ದಿನದ ವೇಳೆ ಅದರ ಮೇಲೆ ಒತ್ತಿದೆಯೆಂಬುದನ್ನು ಮರೆಯಬಾರದು. ಭಾನುವಾರಕ್ಕೊಮ್ಮೆ ಊರಿಗೆ ಫೋನು ಮಾಡಿದಾಗ "ಎಲ್ಲ ಆರಾಮವೇ?" ಎಂದಷ್ಟೇ ಕೇಳಿ ಇಟ್ಟುಬಿಡದೆ, "ಏನು ಬದಲಾಯಿತು?" ಎಂದೂ ಕೇಳೋಣ. ಅಲ್ಲಿರುವವರಿಗೂ, "ಏನಾದರೂ ಆದರೆ ನೀವೇ ಹೇಳಿಕಳುಹಿಸಿ" ಎಂದು ಹೇಳಿಡೋಣ. ಎರಡು ಕಡೆಯಿಂದಲೂ ಒಪ್ಪಂದವಿದ್ದರೆ ನಕಲು ಹಳತಾಗುವುದಿಲ್ಲ.

ಈ ನವೆಂಬರಿನಲ್ಲಿ ಅಜ್ಜಿ ಮತ್ತೆ ಬಂದಿದ್ದರು. ನೇರವಾಗಿ ಎರಡನೆಯ ಕೌಂಟರಿಗೇ ಹೋಗಿ ಕಾಗದ ಕೊಟ್ಟು, ಸ್ವೀಕೃತಿಯ ಚೀಟಿ ಕೇಳಿ ಇಸಿದುಕೊಂಡು, ಅದನ್ನು ಮಡಿಸಿ ಸೆರಗಿನಲ್ಲಿ ಕಟ್ಟಿಕೊಂಡರು. ಹೋಗುವಾಗ ನಮ್ಮ ಕಡೆ ನೋಡಿ, "ಈ ಸಲ ನಿನ್ನ ಕೇಳಂಗಿಲ್ಲ ತಮ್ಮಾ" ಎಂದು ನಕ್ಕರು. ಎರಡನೆಯ ಕೌಂಟರಿನವರೂ ನಕ್ಕರು. ನಾವೂ ನಕ್ಕೆವು.